ಹನ್ನೊಂದು ನಿಮಿಷದ ದಾರಿ

ಹೆಣವನ್ನು ಮೊದಲು ಕಂಡವನು ಶಾಲಾ ಬಸ್ಸಿನ ಡ್ರೈವರ್. ಬುಧವಾರ ಬೆಳಿಗ್ಗೆ ಲಿಕ್ ಫೋರ್ಕ್ ರಸ್ತೆಯ ತಿರುವಿನಲ್ಲಿ, ಚರಂಡಿಯ ಅಂಚಿಗೆ ಬಿದ್ದಿತ್ತು. ವರ್ಲೀನ್ ಕೂಂಟ್ಸ್ ತನ್ನ ಹಳೇ ವ್ಯಾನಿನಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಏಳು ಗಂಟೆ ಹತ್ತು ನಿಮಿಷವಾಗಿತ್ತು. ಡೆಪ್ಯುಟಿ ಶೆರಿಫ್ ಡೀನ್ ಕಾಫಿ ಲೋಟ ಹಿಡಿದು ಜೀಪಿಗೆ ಒರಗಿ ನಿಂತಿದ್ದ.

"ಬಾ ವರ್ಲೀನಕ್ಕ. ದೊಡ್ಡದೇನಿಲ್ಲ. ಯಾರೋ ಗುದ್ದಿ ಓಡಿಹೋಗಿದಾರೆ. ಗಲೆಟ್ಟನ ಮರದ ಮಿಲ್ಲಲ್ಲಿ ಕೆಲ್ಸ ಮಾಡೋ ಪರದೇಶಿಯೋನು. ಕುಡ್ಕೊಂಡು ನಡ್ಕೊಂಡು ಹೋಗ್ತಿದ್ನೇನೋ."

"ನೀನು ಅವನ್ನ ಮುಟ್ಟಿದ್ಯಾ?"

"ಇಲ್ಲಪ್ಪ."

"ಹತ್ರ ಹೋಗಿ ಮೂಸಿದ್ಯಾ?"

"ಥೂ, ಬೆಳಬೆಳಿಗ್ಗೆ ಏನ್ ಕೇಳ್ತೀಯ!"

"ಮತ್ತೆ ಕುಡಿದಿದ್ದ ಅಂತ ನಿನ್ ಕನಸಲ್ಲಿ ಬಂದು ಹೇಳಿದ್ನಾ?"

ಡೀನ್ ಕಾಫಿಯ ಕಡೆ ನೋಡಿದ.

ಟಾಲ್ಬರ್ಟ್ ಕೌಂಟಿಯಲ್ಲಿ ಕೊರೊನರ್ ಎಂದರೆ ಜನ ಓಟು ಹಾಕಿ ಆರಿಸುವ ಹುದ್ದೆ. ಕೆಂಟಕಿಯ ಈ ಗುಡ್ಡಗಾಡಿನಲ್ಲಿ ವರ್ಲೀನಳಿಗೆ ಮುಂಚೆ ಆ ಕುರ್ಚಿಯಲ್ಲಿ ಕೂತವರೆಲ್ಲ ಶವಸಂಸ್ಕಾರದ ಅಂಗಡಿ ಇಟ್ಟವರೇ. ವರ್ಲೀನ್ ಮಾತ್ರ ಇಪ್ಪತ್ತೆರಡು ವರ್ಷ ಆಂಬುಲೆನ್ಸಿನಲ್ಲಿ ದುಡಿದು, ಸೊಂಟ ಹಿಡಿದುಕೊಂಡ ಮೇಲೆ ಚುನಾವಣೆಗೆ ನಿಂತವಳು. ಎರಡು ಸಲ ಗೆದ್ದಿದ್ದಳು. ವಯಸ್ಸು ಐವತ್ತೆಂಟು. ಡಾಕ್ಟರ ಕಣ್ಣೆದುರಲ್ಲದೆ ಯಾರೇ ಸತ್ತರೂ ಆ ದೇಹ ಅವಳ ಸುಪರ್ದಿಗೆ ಬರುತ್ತದೆ. ಅವಳು ಸರಿ ಅನ್ನುವತನಕ ಶೆರಿಫನೂ ಅದನ್ನು ಅಲುಗಿಸುವಂತಿಲ್ಲ. ಸತ್ತವರು ಯಾರು, ಎಲ್ಲಿ ಸತ್ತರು, ಯಾವಾಗ, ಹೇಗೆ? ಇಷ್ಟಕ್ಕೆ ಉತ್ತರ ಹುಡುಕಿ ಮರಣ ಪ್ರಮಾಣಪತ್ರದಲ್ಲಿ ಬರೆದು ಸಹಿ ಹಾಕಬೇಕು. ಸಂಬಂಧಿಕರಿಗೆ ತಿಳಿಸಬೇಕು. ಕೆಲಸ ಅಷ್ಟೇ. ಆ ಅಷ್ಟರಲ್ಲಿ ಒಂದಕ್ಷರವೂ ಸುಳ್ಳಿರಬಾರದು ಎಂಬುದು ವರ್ಲೀನಳ ಹಟ.

ಅವಳು ಕೈಗವಸು ಹಾಕಿ ಮಂಡಿಯೂರಿದಳು. ಮೂವತ್ತರ ಆಸುಪಾಸಿನ ಗಿಡ್ಡ, ಗಟ್ಟಿ ಆಳು. ಕಾರು ಗುದ್ದಿದರೆ ಮೊದಲು ಮುರಿಯುವುದು ಮೊಣಕಾಲ ಕೆಳಗಿನ ಮೂಳೆ. ಅಂಥವರನ್ನು ಅವಳು ಎಷ್ಟು ಸಲ ರಸ್ತೆಯಿಂದ ಎತ್ತಿಲ್ಲ! ಇವನ ಎರಡೂ ಕಾಲು ನೆಟ್ಟಗಿದ್ದವು. ನಜ್ಜುಗುಜ್ಜಾಗಿದ್ದು ಸೊಂಟ, ಅದೂ ಎರಡೂ ಬದಿಯಿಂದ ಅದುಮಿದ ಹಾಗೆ. ರಸ್ತೆಯ ಮೇಲೆ ಗಾಜಿನ ಚೂರಿಲ್ಲ, ಬ್ರೇಕಿನ ಗುರುತಿಲ್ಲ. ಕಾಲುಚೀಲದ ಮಡಿಕೆಯಲ್ಲಿ ಕೆಂಪು ಓಕ್ ಮರದ ಹೊಟ್ಟು ತುಂಬಿತ್ತು. ಅಂಗಿಯ ಬೆನ್ನಿನಲ್ಲಿ ತೊಗಟೆ ಸಿಕ್ಕಿಕೊಂಡಿತ್ತು.

ಆಮೇಲೆ ಅವಳು ಕೈಗಳನ್ನು ನೋಡಿದಳು. ಬಲಗೈ ಮುಷ್ಟಿಯಲ್ಲಿ ಬೇರುಸಮೇತ ಕಿತ್ತು ಬಂದ ಹುಲ್ಲು. ಉಗುರುಗಳ ಕೆಳಗೆ ಚರಂಡಿಯ ಕಪ್ಪು ಮಣ್ಣು. ಅವನ ಹಿಂದೆ, ಚರಂಡಿ ನೀರಿಗೆ ಒದ್ದೆಯಾದ ಮಣ್ಣಿನಲ್ಲಿ, ಎರಡು ಮಾರು ಉದ್ದಕ್ಕೆ ತೆವಳಿದ ಜಾಡು. ಅದು ಚರಂಡಿಯಿಂದ ರಸ್ತೆಯ ಕಡೆಗೆ ಬಂದಿತ್ತು.

ವರ್ಲೀನಳ ಕಿವಿಯ ಹಿಂಭಾಗ ಬಿಸಿಯಾಯಿತು. ಸಿಟ್ಟು ಬಂದಾಗ ಅವಳಿಗೆ ಹಾಗಾಗುತ್ತಿತ್ತು. ಮಾತಾಡದೆ ಜಾಡಿನ ಪಕ್ಕ ಅಳತೆಪಟ್ಟಿ ಇಟ್ಟು, ಜಾಡು, ಮುಷ್ಟಿ, ಒಂದೊಂದನ್ನೂ ಮೂರು ಸಲ ಫೋಟೊ ತೆಗೆದಳು. ಕೈಗಳಿಗೆ ಕಾಗದದ ಚೀಲ ಕಟ್ಟಿದಳು.

"ಡೀನ್, ಈ ಮನುಷ್ಯ ಇಲ್ಲಿಗೆ ಬರೋವಾಗ ಬದುಕಿದ್ದ. ಪೆಟ್ಟಾಗಿದ್ದು ಮಾತ್ರ ಇಲ್ಲಲ್ಲ. ಬರ್ಕೋ."

"ಅಕ್ಕ, ರಾಯ್ಸ್ ಗಲೆಟ್ಟನ ವಿಷ್ಯ ಇದು. ಸ್ವಲ್ಪ..."

"ಬರ್ಕೋ ಅಂದೆ."

ಜೇಬಿನಲ್ಲಿ ಸಿಕ್ಕ ಗುರುತಿನ ಚೀಟಿಯಲ್ಲಿ 'ಲೂಯಿಸ್ ಕಾಂಟು, ಟೆಕ್ಸಸ್' ಎಂದಿತ್ತು. ಫೋಟೊದ ಮುಖಕ್ಕೆ ಐವತ್ತು ವರ್ಷ, ಗಲ್ಲದ ಮೇಲೆ ದೊಡ್ಡ ಮಚ್ಚೆ. ಸತ್ತವನಿಗೆ ಮಚ್ಚೆಯೂ ಇರಲಿಲ್ಲ, ಐವತ್ತೂ ಆಗಿರಲಿಲ್ಲ.

ಒಂಬತ್ತು ಗಂಟೆಗೆ ಅವಳು ಮಿಲ್ಲಿನಲ್ಲಿದ್ದಳು. ರಾಯ್ಸ್ ಗಲೆಟ್ ಬಾಗಿಲಲ್ಲೇ ಎದುರಾದ. ಆರಡಿ ಆಳು, ಕೌಂಟಿ ಸಭೆಯ ಸದಸ್ಯ, ಭಾನುವಾರ ಇಗರ್ಜಿಯಲ್ಲಿ ಮೊದಲ ಸಾಲಿನ ಭಕ್ತ.

"ಓಹೋ, ಸತ್ತೋರ ಡಾಕ್ಟ್ರಮ್ಮ! ಏನು ಇಷ್ಟು ದೂರ?"

"ನಿನ್ ಕೆಲಸದವನೊಬ್ಬ ಸತ್ತಿದಾನೆ ರಾಯ್ಸ್."

"ಕೇಳ್ದೆ, ಪಾಪ. ನಿನ್ನೆ ನಾಲ್ಕಕ್ಕೇ ಹೊರಟೋದ. ಮೈಗೆ ಸರಿ ಇಲ್ಲ ಅಂದ. ರಸ್ತೇಲಿ ಹೋಗೋರ್ನೆಲ್ಲ ನಾನು ಕಾಯಕ್ಕಾಗುತ್ತಾ?"

"ಅವನ ಹೆಸರೇನು?"

"ಚೀಟೀಲಿ ಇರ್ಲಿಲ್ವಾ? ಅದೇ ಹೆಸರು. ಅದನ್ನೇ ಬರಿ. ನಿಂಗೂ ಸುಲಭ, ನಂಗೂ ಸುಲಭ."

ಅವಳು ಅವನನ್ನು ದಾಟಿಕೊಂಡು ಮರದ ದಿಮ್ಮಿ ಇಳಿಸುವ ಕಟ್ಟೆಯತ್ತ ನಡೆದಳು. ಹದಿನೈದು ದಿನದಿಂದ ಮಳೆಯಿರಲಿಲ್ಲ. ಇಡೀ ಅಂಗಳ ಧೂಳು ಹಾರುವಷ್ಟು ಒಣಗಿತ್ತು. ಕಟ್ಟೆಯ ಬುಡದಲ್ಲಿ ಮಂಚದಗಲ ಮಾತ್ರ ಸಿಮೆಂಟು ತೊಳೆದು, ಇನ್ನೂ ತೇವವಾಗಿತ್ತು. ಮೇಲೆ ದಿಮ್ಮಿ ಬಿಗಿಯುವ ಸರಪಳಿಗೆ ಹೊಸ ಕೊಂಡಿ ಹೊಳೆಯುತ್ತಿತ್ತು. ಕೆಲಸದವರೆಲ್ಲ ಯಂತ್ರ ನಿಲ್ಲಿಸಿ ತಲೆ ತಗ್ಗಿಸಿದ್ದರು. ಲೋಡರಿನ ಮೇಲೆ ಕೂತಿದ್ದವನು ಅವಳ ಚಿಕ್ಕಪ್ಪನ ಮಗ ಆರ್ವಿಲ್. ಒಂದೇ ಅಂಗಳದಲ್ಲಿ ಆಡಿ, ಒಂದೇ ಹೊಳೆಯಲ್ಲಿ ಈಜು ಕಲಿತವರು ಅವರಿಬ್ಬರು. ಅವನೂ ಅವಳ ಕಡೆ ನೋಡಲಿಲ್ಲ.

ವರ್ಲೀನ್ ತನಿಖೆಯ ಹಳದಿ ಪಟ್ಟಿ ತೆಗೆದು ಕಂಬದಿಂದ ಕಂಬಕ್ಕೆ ಸುತ್ತತೊಡಗಿದಳು.

"ಏಯ್, ಏನ್ ಮಾಡ್ತಿದೀಯ? ಇದು ನನ್ ಜಾಗ!"

"ಜಾಗ ನಿಂದು. ಸಾವು ನಂದು. ಹಾಜರಿ ಪುಸ್ತಕ ತಂದ್ಕೊಡು, ಇಲ್ಲಾಂದ್ರೆ ಸಮನ್ಸ್ ತಗೋ. ಅದು ನನ್ ಬ್ಯಾಗಲ್ಲೇ ಇದೆ."

"ಮುಂದಿನ ಸಭೇಲಿ ನಿನ್ ಆಫೀಸು ಇರುತ್ತೋ ಇಲ್ವೋ ನೋಡ್ಕೋ, ವರ್ಲೀನ್."

"ಮುಂದಿನ ಸಭೆ ಇನ್ನೂ ಮೂರು ವಾರ ಇದೆ. ಪುಸ್ತಕ ಕೊಡು."

ಹಾಜರಿ ಪುಸ್ತಕದಲ್ಲಿ ಲೂಯಿಸ್ ಕಾಂಟು ನಾಲ್ಕಕ್ಕೆ ಹೊರಟಿದ್ದ. ಆ ನಾಲ್ಕನ್ನು ಬೇರೆ ಪೆನ್ನಿನಲ್ಲಿ, ಯಾವುದನ್ನೋ ಕೆರೆದ ಮೇಲೆ ಬರೆದಿದ್ದರು.

ಮಾರನೆಯ ದಿನ ರಾಜ್ಯದ ಪ್ರಯೋಗಾಲಯದಲ್ಲಿ ಶವಪರೀಕ್ಷೆ ನಡೆಯಿತು. ವರ್ಲೀನ್ ತಾನೇ ದೇಹದ ಜೊತೆ ಹೋಗಿ, ಮುಗಿಯುವತನಕ ಮೂಲೆಯಲ್ಲಿ ನಿಂತಿದ್ದಳು. ವಯಸ್ಸಾದ ವೈದ್ಯೆ ಕೈ ತೊಳೆಯುತ್ತ ಹೇಳಿದಳು: "ಭಾರವಾದ್ದೇನೋ ಉರುಳಿ ಸೊಂಟದ ಮೂಳೆ ಪುಡಿಯಾಗಿದೆ. ರಕ್ತ ಒಳಗೊಳಗೇ ನಿಧಾನಕ್ಕೆ ಸೋರಿದೆ. ತಲೆಗೆ ಏಟಿಲ್ಲ. ಎಚ್ಚರ ಇದ್ದಿರಬೇಕು."

"ಎಷ್ಟು ಹೊತ್ತು?"

"ಪೆಟ್ಟಾದ ಮೇಲೆ ಎರಡು ಗಂಟೆ. ಸ್ವಲ್ಪ ಹೆಚ್ಚೇ ಇರಬಹುದು."

"ಆಸ್ಪತ್ರೆ ಹತ್ರ ಇದ್ದಿದ್ರೆ?"

"ಎಷ್ಟು ಹತ್ರ?"

ವರ್ಲೀನಳಿಗೆ ಅಂದಾಜಿನ ಉತ್ತರ ಬೇಡವಾಗಿತ್ತು. ಊರಿಗೆ ವಾಪಸಾದವಳೇ ಮಿಲ್ಲಿನ ಗೇಟಿನ ಮುಂದೆ ವ್ಯಾನು ನಿಲ್ಲಿಸಿ, ಗಡಿಯಾರ ನೋಡಿ ಹೊರಟಳು. ಎಲ್ಲೂ ಅವಸರ ಮಾಡಲಿಲ್ಲ. ಒಂದು ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡಳು ಕೂಡ. ಕೌಂಟಿ ಆಸ್ಪತ್ರೆಯ ಬಾಗಿಲಿಗೆ ಹನ್ನೊಂದು ನಿಮಿಷ. ಮತ್ತೆ ಗೇಟಿಗೆ ಬಂದು, ಅಲ್ಲಿಂದ ಲಿಕ್ ಫೋರ್ಕ್ ತಿರುವಿಗೆ ಹೋದಳು. ಹತ್ತೊಂಬತ್ತು ನಿಮಿಷ. ಆ ದಾರಿ ಆಸ್ಪತ್ರೆಯ ನೀಲಿ ಫಲಕದ ಕೆಳಗೇ ಹಾದುಹೋಗುತ್ತಿತ್ತು. ಎಡಕ್ಕೆ ತಿರುಗಿದ್ದರೆ ಆಸ್ಪತ್ರೆ. ಅವನನ್ನು ತಂದವರು ನೇರ ಹೋಗಿದ್ದರು. ಅವಳು ವ್ಯಾನನ್ನು ರಸ್ತೆಯಂಚಿಗೆ ನಿಲ್ಲಿಸಿ, ಗಾಜು ಮುಚ್ಚಿಕೊಂಡು, ಗಂಟಲು ಕಿತ್ತುಹೋಗುವ ಹಾಗೆ ಕೂಗಿದಳು. ಮಾತಲ್ಲ, ಬೈಗುಳವೂ ಅಲ್ಲ, ಬರೀ ಕೂಗು. ಆಮೇಲೆ ಮುಖ ಒರೆಸಿಕೊಂಡು ವ್ಯಾನು ತಿರುಗಿಸಿದಳು.

ಮಿಲ್ಲಿನ ಹಿಂದೆ ಕೆಲಸದವರು ಇರುವ, ಚಕ್ರದ ಮೇಲಿನ ತಗಡಿನ ಗಾಡಿಮನೆಗಳು ಐದಿದ್ದವು. ಅವಳು ಬಂದಿದ್ದು ಕಂಡು ಎಲ್ಲದರ ಪರದೆಗಳೂ ಮುಚ್ಚಿಕೊಂಡವು. ಒಂದೊಂದೇ ಬಾಗಿಲು ತಟ್ಟಿದಳು. ನಾಲ್ಕನೆಯದರಲ್ಲಿ ಒಳಗೆ ಉಸಿರಾಟ ಕೇಳಿಸಿತು.

"ನಾನು ಪೊಲೀಸಲ್ಲ. ವೀಸಾ ಕಾಗದ ಕೇಳೋ ಇಲಾಖೆಯವಳೂ ಅಲ್ಲ. ಸತ್ತವರನ್ನ ನೋಡ್ಕೊಳ್ಳೋಳು. ಅವನ ಹತ್ರ ಇರೋ ಹೆಸರು ಅವನದಲ್ಲ. ಯಾರೂ ಹೇಳ್ದಿದ್ರೆ ಆ ಹೆಸರಲ್ಲೇ ಹೂಳ್ಬೇಕಾಗುತ್ತೆ."

ಒಳಗಿನಿಂದ ಚಿಲಕ ಸರಿಯಿತು. ಬಾಗಿಲು ತೆರೆದವನ ಹೆಸರು ಹಾಸಿಂತೊ. ನಲವತ್ತರ ಬಡಕಲು ಆಳು, ಒಂಬತ್ತು ವರ್ಷದಿಂದ ಈ ಗುಡ್ಡಗಳಲ್ಲಿದ್ದವನು. ಅವಳಿಗೆ ಕುರ್ಚಿ ಕೊಟ್ಟು ತಾನು ನಿಂತೇ ಇದ್ದ.

"ಸೆಲ್ಸೊ," ಅಂದ. "ಸೆಲ್ಸೊ ಇಶ್ಕೊಯ್. ಗ್ವಾಟೆಮಾಲಾ. ನಮ್ಮೂರಿನೋನೇ, ಸಿನ್ಯೋರಾ. ಹೆಂಡ್ತಿ ಮಿಕಾಯೆಲಾ. ಇಬ್ರು ಹೆಣ್ಮಕ್ಳು."

ಅವಳು ಹೆಸರನ್ನು ಅಕ್ಷರ ಅಕ್ಷರವಾಗಿ ಕೇಳಿ ಬರೆದುಕೊಂಡಳು.

"ಸಂಜೆ ಆರಕ್ಕೆ ಸರಪಳಿ ತುಂಡಾಯ್ತು. ದಿಮ್ಮಿ ಉರುಳ್ತು. ನಾವು ನಾಲ್ಕು ಜನ ಎತ್ತಿದ್ವಿ. ಅವನು ಮಾತಾಡ್ತಿದ್ದ. ನೀರು ಕೇಳ್ದ. ಯಜಮಾನ ಬಂದ, ಆರ್ವಿಲ್ ಗಾಡಿ ತಂದ. ಹಿಂದೆ ಮಲಗಿಸಿದ್ರು. ನಾನೂ ಬರ್ತೀನಿ ಅಂದೆ. ಬೇಡ, ಆಸ್ಪತ್ರೆಗೆ ನಾವಿಬ್ರೇ ಸಾಕು ಅಂದ್ರು." ಹಾಸಿಂತೊ ತನ್ನ ಅಂಗೈ ನೋಡಿಕೊಂಡ. "ಆಸ್ಪತ್ರೆಗೆ ಅಂದ್ರು. ನಾವು ನಂಬಿದ್ವಿ. ಬೆಳಿಗ್ಗೆ ಅವನಿಗೆ ಅಂತ ಸೂಪು ಮಾಡಿ ಡಬ್ಬಿಗೆ ಹಾಕಿಟ್ಟಿದ್ದೆ."

"ಇದನ್ನ ಎಲ್ಲರ ಮುಂದೆ ಹೇಳ್ತೀಯಾ?"

"ಹೇಳಿದ್ರೆ ನನ್ನ ಈ ದೇಶದಿಂದ ಓಡಿಸ್ತಾರೆ."

"ಹೌದು. ಓಡಿಸ್ಬಹುದು. ಸುಳ್ಳು ಹೇಳಲ್ಲ ನಾನು. ತಡೆಯೋ ಶಕ್ತಿ ನನಗಿಲ್ಲ."

ಹಾಸಿಂತೊ ಅವಳನ್ನು ದಿಟ್ಟಿಸಿ ನೋಡಿದ. ಆಗ ಅವನ ಮುಖಕ್ಕೂ ಸಿಟ್ಟು ಏರಿತು. "ಹೇಳ್ತೀನಿ," ಅಂದ.

ಶುಕ್ರವಾರ ಮಧ್ಯಾಹ್ನ ಅವಳು ಆರ್ವಿಲ್‌ನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದ. ಅವಳನ್ನು ನೋಡಿದವನೇ ಬುಟ್ಟಿ ಪಕ್ಕಕ್ಕಿಟ್ಟ.

"ಊಟ ಆಯ್ತಾ ಅಕ್ಕ?"

"ಸೆಲ್ಸೊನ ಎಲ್ಲಿಗೆ ಕರ್ಕೊಂಡು ಹೋದೆ?"

"ಯಾರು?"

"ಹೆಸರೂ ಗೊತ್ತಿಲ್ವಾ ನಿಂಗೆ! ಎರಡು ವರ್ಷ ಪಕ್ಕದಲ್ಲಿ ದುಡಿದಿದಾನೆ."

ಆರ್ವಿಲ್ ಬೆರಳುಗಳನ್ನು ಪ್ಯಾಂಟಿಗೆ ಒರೆಸಿದ. "ಸತ್ತೋಗಿದ್ದ ಕಣೆ. ಆಗಲೇ ಹೋಗ್ಬಿಟ್ಟಿದ್ದ. ಹಂಗೇ ಅಂದ್ಕೊಂಡ್ವಿ."

"ಸತ್ತಿದ್ರೆ ನನಗೆ ಫೋನ್ ಮಾಡ್ಬೇಕಿತ್ತು. ಬದುಕಿದ್ರೆ ಆಂಬುಲೆನ್ಸಿಗೆ ಮಾಡ್ಬೇಕಿತ್ತು. ಯಾವುದಕ್ಕೆ ಮಾಡ್ದೆ ಹೇಳು. ಯಾವುದಕ್ಕೆ ಮಾಡ್ದೆ ಆರ್ವಿಲ್?"

ಅವನು ಬೀನ್ಸಿನ ಬುಟ್ಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ.

"ಅವನ ಕೈಯಲ್ಲಿ ಹುಲ್ಲಿತ್ತು. ರಸ್ತೆ ಕಡೆ ತೆವಳಿದಾನೆ. ಸೊಂಟ ಪುಡಿಯಾದೋನು, ಎರಡು ಮಾರು."

"ಬೇಡ ಕಣೆ."

"ಯಾಕೆ ಬೇಡ? ಅವನು ತೆವಳಬಹುದು, ನೀನು ಕೇಳ್ಬಾರ್ದಾ?"

ಆರ್ವಿಲ್‌ನ ಬಾಯಿ ಕೊನೆಗೂ ತೆರೆಯಿತು. ಮಾತು ಒಡೆದು ಒಡೆದು ಬಂತು. ನೀಲಿ ಫಲಕದ ಹತ್ತಿರ ಅವನು ಎಡಕ್ಕೆ ತಿರುಗುವ ದೀಪ ಹಾಕಿದ್ದನಂತೆ. ಪಕ್ಕದಲ್ಲಿದ್ದ ರಾಯ್ಸ್, ನೇರ ನಡಿ ಅಂದನಂತೆ. ಆಸ್ಪತ್ರೆಯವರು ಹೆಸರು ಕೇಳುತ್ತಾರೆ, ಸರಪಳಿ ಹೇಗೆ ತುಂಡಾಯಿತೆಂದು ಕೇಳುತ್ತಾರೆ, ತನಿಖೆಯವರು ಬಂದು ಮಿಲ್ಲಿಗೆ ಬೀಗ ಹಾಕುತ್ತಾರೆ, ನಲವತ್ತು ಮನೆಗಳ ಒಲೆ ಆರುತ್ತದೆ, ನಿನ್ನದೂ ಸೇರಿ, ಅಂದನಂತೆ. ಇವನು ಹೇಗೂ ಉಳಿಯಲ್ಲ ಅಂದನಂತೆ.

"ಇಳಿಸುವಾಗ ನನ್ ತೋಳು ಹಿಡ್ಕೊಂಡಿದ್ದ," ಅಂದ ಆರ್ವಿಲ್. "ಬಿಡ್ಲೇ ಇಲ್ಲ. ಬೆರಳು ಒಂದೊಂದೇ ಬಿಡಿಸ್ಬೇಕಾಯ್ತು."

ವರ್ಲೀನ್ ಜಗಲಿಯ ಕಂಬವನ್ನು ಹಿಡಿದುಕೊಂಡಳು. ಅವನ ಕೆನ್ನೆಗೆ ಬಾರಿಸಬೇಕೆಂದು ಕೈ ಎದ್ದಿತ್ತು. ಕಂಬ ಹಿಡಿದದ್ದು ಅದಕ್ಕೇ. ಇಪ್ಪತ್ತೆರಡು ವರ್ಷ ಅವಳ ತೋಳನ್ನೂ ಜನ ಹಾಗೇ ಹಿಡಿದುಕೊಂಡಿದ್ದರು. ಒಬ್ಬರ ಬೆರಳನ್ನೂ ಅವಳು ಬಿಡಿಸಿರಲಿಲ್ಲ.

ಬ್ಯಾಗಿನಿಂದ ಸಮನ್ಸ್ ತೆಗೆದು ಬೀನ್ಸಿನ ಬುಟ್ಟಿಯ ಮೇಲೆ ಇಟ್ಟಳು. "ಸೋಮವಾರ ಹತ್ತು ಗಂಟೆ, ಕೋರ್ಟಿನ ಮಹಡಿ. ಬರ್ದಿದ್ರೆ ನಾನೇ ಬಂದು ಎಳ್ಕೊಂಡು ಹೋಗ್ತೀನಿ. ಆ ಅಧಿಕಾರ ನನಗಿದೆ."

"ನಮ್ಮಮ್ಮ ಇದನ್ನ ತಡ್ಕೊಳಲ್ಲ ಅಕ್ಕ."

"ಮಿಕಾಯೆಲಾ ತಡ್ಕೋತಾಳಾ?" ಅಂದು ಮೆಟ್ಟಿಲಿಳಿದಳು.

ಕೊರೊನರ್ ಬಯಸಿದರೆ ಆರು ಜನ ಪಂಚರನ್ನು ಕೂರಿಸಿ ಸಾವಿನ ವಿಚಾರಣೆ ನಡೆಸಬಹುದು. ಆ ಕಾನೂನು ಪುಸ್ತಕದಲ್ಲಿತ್ತು. ಟಾಲ್ಬರ್ಟ್ ಕೌಂಟಿಯಲ್ಲಿ ಮೂವತ್ತು ವರ್ಷದಿಂದ ಯಾರೂ ಬಳಸಿರಲಿಲ್ಲ. ಸೋಮವಾರ ಮಹಡಿಯ ಕೋಣೆ ಕಿಟಕಿಯ ಕಟ್ಟೆಯವರೆಗೆ ತುಂಬಿತ್ತು. ಪಂಚರಲ್ಲಿ ಒಬ್ಬ ಕ್ಷೌರಿಕ, ಶಾಲೆಯ ಅಡುಗೆಯವಳು, ನಿವೃತ್ತ ಗಣಿ ಕೆಲಸದವರಿಬ್ಬರು, ಅಂಚೆಯವಳು, ಕೋಳಿ ಸಾಕುವವನೊಬ್ಬ. ರಾಯ್ಸ್ ಪಟ್ಟಣದಿಂದ ವಕೀಲನನ್ನು ಕರೆಸಿದ್ದ. ವಕೀಲನ ನಗು ಕೋಣೆಯವರೆಲ್ಲರಿಗೂ ಸಮನಾಗಿ ಹಂಚಿದ ಹಾಗಿತ್ತು.

ರಾಯ್ಸ್ ಪ್ರಮಾಣ ಮಾಡಿ ಕೂತ. ಈಗ ಕತೆ ಬದಲಾಗಿತ್ತು. ಅಪಘಾತ ಆದದ್ದು ನಿಜ, ಆದರೆ ಆತ ತಕ್ಷಣ ಸತ್ತ, ತಾನು ಗಾಬರಿಯಲ್ಲಿ ತಪ್ಪು ಮಾಡಿದೆ, ದೇವರು ಕ್ಷಮಿಸಲಿ ಎಂದ. ಹಿಂದಿನ ಸಾಲಿನಲ್ಲಿ ಯಾರೋ ಆಮೆನ್ ಅಂದರು.

"ತಕ್ಷಣ ಅಂದ್ರೆ?" ವರ್ಲೀನ್ ಕೇಳಿದಳು.

"ಕಣ್ಮುಚ್ಚಿ ತೆಗೆಯೋದ್ರೊಳಗೆ."

ಅವಳು ಮುಷ್ಟಿಯಲ್ಲಿ ಹುಲ್ಲು ಹಿಡಿದ ಕೈಯ ಫೋಟೊವನ್ನು ಅವನ ಮುಂದಿಟ್ಟಳು. "ಸತ್ತೋನು ಹುಲ್ಲು ಕಿತ್ನಾ ರಾಯ್ಸ್?"

ವಕೀಲ ಎದ್ದು ಆಕ್ಷೇಪಿಸಿದ. "ಇದು ನಿಮ್ಮ ಕೋರ್ಟಲ್ಲ ಸ್ವಾಮಿ, ನನ್ನ ವಿಚಾರಣೆ. ಕೂತ್ಕೊಳ್ಳಿ," ಅಂದಳು. ಅವನು ಕೂತ. ಫೋಟೊ ಪಂಚರ ಕೈಯಿಂದ ಕೈಗೆ ಹೋಯಿತು. ಅಡುಗೆಯವಳು ಅದನ್ನು ಬಹಳ ಹೊತ್ತು ಇಟ್ಟುಕೊಂಡಳು.

ವೈದ್ಯೆಯ ವರದಿ ಓದಿದ್ದಾಯಿತು. ಹನ್ನೊಂದು ನಿಮಿಷದಲ್ಲಿ ಆಸ್ಪತ್ರೆ ಸೇರಿದ್ದರೆ ಅವನು ಉಳಿಯಬಹುದಿತ್ತು ಎಂದು ಅದರಲ್ಲಿತ್ತು. ಹಾಸಿಂತೊ ಬಂದು, ತೊಳೆದ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು, ತನಗೆ ಬರುವ ನಾಲ್ಕು ಮಾತಿನಲ್ಲೇ ಎಲ್ಲ ಹೇಳಿದ. "ಆಸ್ಪತ್ರೆಗೆ ಅಂದ್ರು" ಎನ್ನುವಾಗ ರಾಯ್ಸ್‌ನ ಕಡೆಗೇ ಬೆರಳು ಮಾಡಿದ. ಕೊನೆಗೆ ಆರ್ವಿಲ್. ಅವನು ಕುರ್ಚಿಯಲ್ಲಿ ಕೂತು ಬಾಗಿಲ ಕಡೆಗೇ ನೋಡುತ್ತಿದ್ದ. ವರ್ಲೀನ್ ಒತ್ತಾಯಿಸಲೂ ಇಲ್ಲ, ಬಿಟ್ಟುಕೊಡಲೂ ಇಲ್ಲ. ಮೇಜಿನ ಮೇಲೆ ಕೈಯೂರಿ ಎದುರಿಗೇ ನಿಂತಿದ್ದಳು. ಆಮೇಲೆ ಅವನು ಬೆರಳುಗಳ ವಿಷಯವನ್ನೂ ಸೇರಿಸಿ ಎಲ್ಲವನ್ನೂ ಹೇಳಿದ. ಕೋಣೆಯಲ್ಲಿ ಆಮೆನ್ ಕೇಳಿಸಲಿಲ್ಲ.

ಪಂಚರು ಮುಕ್ಕಾಲು ಗಂಟೆ ತೆಗೆದುಕೊಂಡರು. ಕ್ಷೌರಿಕ ಎದ್ದು ಚೀಟಿ ಓದಿದ: ಸೆಲ್ಸೊ ಇಶ್ಕೊಯ್ ಎಂಬಾತ ಮಿಲ್ಲಿನಲ್ಲಿ ಗಾಯಗೊಂಡು, ಬದುಕಿರುವಾಗಲೇ ರಸ್ತೆಬದಿಗೆ ಎಸೆಯಲ್ಪಟ್ಟು, ನೆರವು ಸಿಗದೆ ಸತ್ತ. ಈ ಸಾವು ಬೇರೆಯವರ ಕೈಯಿಂದ ಆದದ್ದು. ಆರು ಜನರೂ ಒಪ್ಪಿದ್ದರು.

ಮುಂದೆ ಏನಾಯಿತೆಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಸರ್ಕಾರಿ ವಕೀಲ ಕೊಲೆಯ ಮೊಕದ್ದಮೆ ಹೂಡಲಿಲ್ಲ, ಅಜಾಗರೂಕತೆ ಎಂದು ಇಳಿಸಿ ಒಪ್ಪಂದ ಮಾಡಿಕೊಂಡ. ರಾಯ್ಸ್‌ಗೆ ಮೂರು ವರ್ಷ ಜೈಲು ಶಿಕ್ಷೆಯಾಯಿತು, ಹದಿನಾಲ್ಕು ತಿಂಗಳಿಗೆ ಹೊರಬಂದ. ಆರ್ವಿಲ್ ಒಂದು ವರ್ಷ ಪೂರ್ತಿ ಒಳಗಿದ್ದ. ಮಿಲ್ಲು ರಾಯ್ಸ್‌ನ ಅಳಿಯನ ಹೆಸರಿನಲ್ಲಿ ಮತ್ತೆ ತೆರೆಯಿತು. ವಿಚಾರಣೆ ಮುಗಿದ ವಾರದಲ್ಲೇ ಹಾಸಿಂತೊ ಗಾಡಿಮನೆ ಖಾಲಿ ಮಾಡಿ ಬೇರೆ ರಾಜ್ಯಕ್ಕೆ ಹೋದ. ಆರ್ವಿಲ್‌ನ ತಾಯಿ ಓಪಲ್, ವರ್ಲೀನಳನ್ನು ಎತ್ತಿ ಆಡಿಸಿದವಳು, ಇಗರ್ಜಿಯಲ್ಲಿ ಇವಳು ಕೂತ ಸಾಲಿನಿಂದ ಎದ್ದುಹೋದಳು. ಮುಂದಿನ ಚುನಾವಣೆಯಲ್ಲಿ ವರ್ಲೀನ್ ಸೋತಳು, ಅದೂ ಭಾರಿ ಅಂತರದಲ್ಲಿ. "ಇವ್ಳು ಮನೆಯೋರ್ನೇ ಬಿಡ್ಲಿಲ್ಲ, ನಮ್ಮನ್ನ ಬಿಡ್ತಾಳಾ?" ಎಂದು ಜನ ಆಡಿಕೊಂಡರು. ಆ ಮಾತು ಕಿವಿಗೆ ಬಿದ್ದಾಗ ವರ್ಲೀನ್, "ಅದಕ್ಕೇ ಅಲ್ವಾ ಓಟು ಹಾಕ್ಬೇಕಿದ್ದಿದ್ದು!" ಎಂದು ಅಂಗಡಿಯ ನಡುವೆ ನಿಂತು ರೇಗಿದಳು.

ಆದರೆ ಅದೆಲ್ಲ ಆಮೇಲಿನದು. ತೀರ್ಪು ಬಂದ ಮಧ್ಯಾಹ್ನ ಅವಳು ಆಫೀಸಿಗೆ ಬಂದು ಮರಣ ಪ್ರಮಾಣಪತ್ರ ಬಿಡಿಸಿಕೊಂಡು ಕೂತಳು. ನಿಜವಾದ ಹೆಸರು. ನಿಜವಾದ ಊರು. ಪೆಟ್ಟಾದ ಸ್ಥಳ ಮಿಲ್ಲು. ಸಾವಿನ ಬಗೆ: ಪರರಿಂದ ಹತ್ಯೆ. ಸರ್ಕಾರಿ ವಕೀಲ ಆಗಲೇ ಫೋನ್ ಮಾಡಿ 'ಅಪಘಾತ' ಎಂದು ಬರೆದರೆ ಎಲ್ಲರಿಗೂ ಅನುಕೂಲ ಎಂದಿದ್ದ. ಅವಳು ಮಾತು ಮುಗಿಯುವ ಮೊದಲೇ ಫೋನ್ ಇಟ್ಟಿದ್ದಳು. ಪೆನ್ನು ಒತ್ತಿ, ಕೆಳಗಿನ ಪ್ರತಿಗೂ ಅಚ್ಚು ಬೀಳುವ ಹಾಗೆ ಸಹಿ ಹಾಕಿದಳು.

ಹಾಸಿಂತೊ ಎದುರಿನ ಕುರ್ಚಿಯಲ್ಲಿದ್ದ. ಅವನೇ ಗ್ವಾಟೆಮಾಲಾದ ಮಿಕಾಯೆಲಾಳ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಮೇಜಿನ ಮೇಲಿಟ್ಟ. ಸಾವಿನ ಸುದ್ದಿಯನ್ನು ವರ್ಲೀನ್ ಗುರುವಾರವೇ ಅವನ ಬಾಯಲ್ಲಿ ಮುಟ್ಟಿಸಿದ್ದಳು. ಹೇಗೆಂಬುದನ್ನು ಹೇಳಿರಲಿಲ್ಲ, ತಿಳಿದ ಮೇಲೆ ಹೇಳುತ್ತೇನೆ ಎಂದಿದ್ದಳು. ಈಗ ಹೇಳಿದಳು. ಒಂದೊಂದು ವಾಕ್ಯ ನಿಲ್ಲಿಸಿ, ಹಾಸಿಂತೊ ಅದನ್ನು ಅವರ ಭಾಷೆಗೆ ತಿರುಗಿಸುವತನಕ ಕಾದು, ಮುಂದಿನದನ್ನು ಹೇಳಿದಳು. ಮಿಲ್ಲು. ಸರಪಳಿ. ಗಾಡಿ. ಹನ್ನೊಂದು ನಿಮಿಷ. ತಿರುವು. ಎಲ್ಲೋ ಹುಂಜವೊಂದು ಕೂಗಿದ್ದು ಫೋನಿನಲ್ಲಿ ಕೇಳಿಸಿತು.

ಮಿಕಾಯೆಲಾ ಏನೋ ಕೇಳಿದಳು. ಹಾಸಿಂತೊ ತಿರುಗಿಸಿ ಹೇಳಲು ಹಿಂಜರಿದ.

"ಏನಂತೆ?"

"ಕೊನೇಲಿ ಅವನ ಹತ್ರ ಯಾರಾದ್ರೂ ಇದ್ರಾ ಅಂತ. ಸಿನ್ಯೋರಾ, ಇದ್ರು ಅಂತ ಹೇಳ್ಬಿಡ್ಲಾ?"

ವರ್ಲೀನ್ ಕಣ್ಣು ಮುಚ್ಚಿದಳು. "ಬೇಡ. ಯಾರೂ ಇರ್ಲಿಲ್ಲ ಅಂತ ಹೇಳು. ರಸ್ತೆ ಕಡೆಗೆ ತೆವಳಿದ ಅಂತ್ಲೂ ಹೇಳು. ಬದುಕಬೇಕು ಅಂತ್ಲೇ ಇದ್ದ, ಕೊನೇ ತನಕ."

ಹಾಸಿಂತೊ ಹೇಳಿದ. ಆ ಕಡೆ ಅಳು ಕೇಳಿಸುತ್ತದೆಂದು ವರ್ಲೀನ್ ಕಾದಳು. ಕೇಳಿಸಲಿಲ್ಲ. ಬಂದದ್ದು ಗಟ್ಟಿಯಾದ, ಒಣಗಿದ ಒಂದು ಧ್ವನಿ. ಮಧ್ಯೆ ಯಾರನ್ನೋ ಗದರಿ ಪೆನ್ಸಿಲು ತರಲು ಹೇಳಿದ ಹಾಗಿತ್ತು.

"ಅವರ ಹೆಸರು ಕೇಳ್ತಿದಾಳೆ," ಅಂದ ಹಾಸಿಂತೊ. "ಬಿಟ್ಟು ಹೋದವರದ್ದು. ಬರ್ಕೋತಾಳಂತೆ. ಮಕ್ಕಳಿಗೆ ಗೊತ್ತಿರ್ಬೇಕಂತೆ."

ವರ್ಲೀನ್ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. ರಾಯ್ಸ್ ಗಲೆಟ್, ಅಂದಳು, ಅಕ್ಷರ ಅಕ್ಷರ ಬಿಡಿಸಿ. ಆ ಕಡೆ ಪೆನ್ಸಿಲು ಗೀಚುವ ಸದ್ದು ನಿಲ್ಲುವವರೆಗೂ ಕಾದಳು.

"ಇನ್ನೊಬ್ಬ ಆರ್ವಿಲ್ ಕೂಂಟ್ಸ್," ಅಂದಳು. "ಕೂಂಟ್ಸ್. ನನ್ನ ಹೆಸರೂ ಅದೇ. ನಮ್ಮ ಚಿಕ್ಕಪ್ಪನ ಮಗ ಅಂತ ಹೇಳು, ಹಾಸಿಂತೊ. ಅದನ್ನೂ ಬರ್ಕೊಳ್ಳಲಿ."